ಕಿರುಬೆರಳಿನ ಇಲ್ಲ

ಆ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯೊಳಗೆ ಮೇಷ್ಟ್ರ ಮನೆಯ ಜಗಲಿಯಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ಮೇಷ್ಟ್ರು ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದವರು. ನನ್ನ ಹರೆಯದಲ್ಲಿ ಸಂಜೆ ಹೊತ್ತು ನಮಗೆಲ್ಲ ಟೈಪಿಂಗು, ಶೀಘ್ರಲಿಪಿ ಹೇಳಿಕೊಟ್ಟವರು. ಅವರ ಪಕ್ಕದಲ್ಲಿ ಕೆ.ಆರ್. ಪೇಟೆಯ ನನ್ನ ಗೆಳೆಯ, ಅಕ್ಕಸಾಲಿ. ಗೋಡೆಗೆ ಒರಗಿಕೊಂಡು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನನ್ನ ಸೋದರತ್ತೆ. ಕರಿಘಟ್ಟಕ್ಕೆ ಹೋಗಬೇಕೆಂದು ಬಿಂಡಿಗನವಿಲೆಯಿಂದ ಬಂದಿದ್ದವಳನ್ನು ಬೆಟ್ಟ ಇಳಿಸಿಕೊಂಡು ಹಾಗೇ ಅಲ್ಲಿಗೆ ಕರೆತಂದಿದ್ದೆ. ಹೋದ ಮನೆಯಲ್ಲಿ ಕೈ ಕಟ್ಟಿ ಕೂರುವ ಜೀವವಲ್ಲ ಅವಳದು. ಮೇಷ್ಟ್ರ ಮನೆಯವರನ್ನು ಕೇಳಿ ಮೊರ ಇಸಿದುಕೊಂಡಿದ್ದಳು.

ನಮ್ಮ ಮೂವರು ಗಂಡಸರ ನಡುವೆ ಒಂದು ಹಾಳೆ. ಹಾಳೆಯ ಮೇಲೆ ಮೇಷ್ಟ್ರು ಎರಡು ಕೈಗಳ ಚಿತ್ರ ಬರೆದು, ಒಂದೊಂದು ಬೆರಳಿನ ತುದಿಗೂ ಕನ್ನಡವನ್ನು ಹಂಚುತ್ತಿದ್ದರು.

ಯಾಕೆ ಹಂಚುತ್ತಿದ್ದರು ಎಂಬುದನ್ನು ಹೇಳಬೇಕು. ಪಾಂಡವಪುರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಕರಾರು, ಕ್ರಯಪತ್ರ, ಮದುವೆ ಕಾಗದ, ತಿಥಿ ಕಾಗದ, ಊರಿನವರ ಬಾಳೆಲ್ಲ ನನ್ನ ಹತ್ತು ಬೆರಳಿನಿಂದಲೇ ಇಳಿದು ಹೋಗಬೇಕು. ಇಪ್ಪತ್ತೈದು ವರ್ಷ ಹೀಗೆ ಕುಟ್ಟಿದ ಮೇಲೆ ಬಲಗೈ ಸೋಲತೊಡಗಿತು. ಮೊದಲು ಮಣಿಕಟ್ಟಿನಲ್ಲಿ ನೋವು, ಆಮೇಲೆ ಮೊಣಕೈಯಿಂದ ಕೆಳಕ್ಕೆ ಇರುವೆ ಹರಿದ ಹಾಗೆ ಜುಮುಜುಮು. ಮೈಸೂರಿನ ಡಾಕ್ಟರು ನರ ಒತ್ತಿಕೊಂಡಿದೆ ಎಂದರು, ಟೈಪು ಕಡಿಮೆ ಮಾಡಿ ಎಂದರು. ಉಳುವವನಿಗೆ ನೆಲ ಮುಟ್ಟಬೇಡ ಎಂದ ಹಾಗೆ.

ಕೀಲಿಮಣೆಯ ಮೇಲೆ ಅಕ್ಷರಗಳ ಜಾಗ ಬದಲಾಯಿಸಿದರೆ ಕೈಗೆ ಆರಾಮ ಸಿಗುತ್ತದೆ ಎಂದು ಎಲ್ಲೋ ನೋಡಿದೆ. ನಾನೇ ಕೂತು ಒಂದು ಹೊಸ ವಿನ್ಯಾಸ ಮಾಡಿಕೊಂಡೆ. ಹೆಚ್ಚು ಬರುವ ಅಕ್ಷರಗಳನ್ನು ಗಟ್ಟಿ ಬೆರಳುಗಳ ಕೆಳಕ್ಕೆ ತಂದೆ, ಶಿಫ್ಟಿಗೆ ಅಂಟಿಕೊಂಡಿದ್ದ ಮಹಾಪ್ರಾಣಗಳನ್ನು ಬಿಡಿಸಿದೆ, ಕೀಲಿಗಳ ಮೇಲೆ ಸ್ಟಿಕ್ಕರು ಬರೆದು ಅಂಟಿಸಿದೆ. ಎರಡು ತಿಂಗಳು ಕೈ ಹಳೆಯ ದಾರಿ ಮರೆಯಲೊಲ್ಲದೆ, ಹೊಸ ದಾರಿ ಹಿಡಿಯಲೊಲ್ಲದೆ ತೊದಲಿತು. ಕೊನೆಗೆ ಹಿಡಿಯಿತು ಎನ್ನುವಷ್ಟರಲ್ಲಿ ನೋವು ತಿರುಗಿ ಬಂತು. ಇನ್ನೊಂದು ವಿನ್ಯಾಸ ಮಾಡಿದೆ. ಮತ್ತೊಂದು. ಅದೇ ಕೀಲಿಮಣೆಯ ಮುಂದೆ ಕೂರುವ ನನ್ನ ಹೆಂಡತಿ ಒಂದು ಗೃಹಪ್ರವೇಶದ ಕಾಗದ ಟೈಪು ಮಾಡಲು ಹೋಗಿ, ತೆರೆಯ ಮೇಲೆ ಬಂದದ್ದನ್ನು ನೋಡಿ ಎದ್ದು ಹೋದಳು. ಹೋಗುವಾಗ ಒಂದು ಮಾತು ಆಡಿದಳು: “ವೊಟ್ಟೆ ನೋಯ್ತದೆ ಅಂತ ಮನೆ ಬದ್ಲಾಯ್ಸೋರ್ನ ನಾನು ನಿಮ್ಮೊಬ್ಬರ್ನೇ ನೋಡಿದ್ದು.”

ಮೇಷ್ಟ್ರ ಹತ್ತಿರ ಹೋಗಿ ತೋಡಿಕೊಂಡಾಗ ಅವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಅಕ್ಷರ ಎಲ್ಲಿದೆ ಎಂಬುದಲ್ಲ ತೊಂದರೆ, ಎಷ್ಟು ಸಲ ಕುಟ್ಟುತ್ತೀಯ ಎಂಬುದು. ‘ಸ್ತ್ರೀ’ ಎನ್ನಲು ಬಾಯಿ ಒಂದೇ ಸಲ ತೆರೆಯುತ್ತದೆ. ಕೈ ಮಾತ್ರ ಸಕಾರ ಕುಟ್ಟಿ, ಒತ್ತು ಬೆಸೆಯುವ ಕೊಂಡಿ ಕುಟ್ಟಿ, ತಕಾರ ಕುಟ್ಟಿ, ಮತ್ತೆ ಕೊಂಡಿ ಕುಟ್ಟಿ ಆರೇಳು ಸಲ ಏಳಬೇಕು, ಬೀಳಬೇಕು. ನಾವು ಬರೆಯುವಾಗ ಅಕ್ಷರ, ಒತ್ತು, ಗುಣಿತ ಎಲ್ಲ ಒಂದರ ಮೈಮೇಲೆ ಒಂದು ಕೂತಿರುತ್ತವಲ್ಲ, ಹಾಗೇ ಒತ್ತಿಬಿಟ್ಟರೆ ಏನು ಎಂದರು. ಹೊರದೇಶಗಳ ಕೋರ್ಟುಗಳಲ್ಲಿ ಸ್ಟೆನೋಗಳು ಹಾರ್ಮೋನಿಯಂ ನುಡಿಸಿದ ಹಾಗೆ ನಾಲ್ಕೈದು ಕೀಲಿಯನ್ನು ಒಟ್ಟಿಗೆ ಒತ್ತುತ್ತಾರೆ, ಒಂದು ಒತ್ತಿಗೆ ಒಂದು ಪೂರ್ತಿ ಉಚ್ಚಾರ, ಕೆಲವು ಸಲ ಒಂದು ಪೂರ್ತಿ ವಾಕ್ಯ. ಅದನ್ನು ಕಂಪ್ಯೂಟರಿಗೆ ಹೇಳಿಕೊಡುವ ಪುಕ್ಕಟೆ ತಂತ್ರಾಂಶವೂ ಇದೆ. ಆಮೇಲೆ ಅವರ ಹಳೆಯ ಶೀಘ್ರಲಿಪಿ ನೋಟುಬುಕ್ಕುಗಳು ಅಟ್ಟದಿಂದ ಇಳಿದವು.

ಹೀಗೆ ಆ ಜಗಲಿಯ ಮೇಲೆ ನಾವು ಬೆರಳು ಹಂಚುತ್ತಿದ್ದೆವು. ಎಡಗೈಗೆ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗೈಗೆ ಒತ್ತಕ್ಷರ ಮತ್ತು ವಾಕ್ಯದ ಬಾಲಗಳು. ಎಲ್ಲವನ್ನೂ ಒಟ್ಟಿಗೆ ಒತ್ತಿ ಒಟ್ಟಿಗೆ ಬಿಟ್ಟಾಗ ಪದ ಬೀಳುತ್ತದೆ. ಕೊನೆಗೆ ಉಳಿದದ್ದು ಬಲಗೈ ಕಿರುಬೆರಳು. ಮೇಷ್ಟ್ರು ಅದರ ತುದಿಗೆ ‘ಇಲ್ಲ’ ಎಂದು ಬರೆದರು. ಅವರ ಶೀಘ್ರಲಿಪಿಯಲ್ಲಿ ಗೆರೆಯ ಕೊನೆಗೆ ಒಂದು ಸಣ್ಣ ಕೊಕ್ಕೆ ಹಾಕಿದರೆ ಆ ಮಾತು ಇಲ್ಲವಾಗುತ್ತಿತ್ತು; ಗೆರೆಯ ಕೊನೆಯಲ್ಲಿದ್ದದ್ದು ಕೈಯ ಕೊನೆಗೆ ಬಂತು. ‘ಇರುತ್ತದೆ’ ಎಂಬುದರ ಜೊತೆಗೆ ಕಿರುಬೆರಳನ್ನೂ ಒತ್ತಿದರೆ ‘ಇರುವುದಿಲ್ಲ’. ‘ಕೊಡುತ್ತೇನೆ’ ಜೊತೆಗೆ ಒತ್ತಿದರೆ ‘ಕೊಡುವುದಿಲ್ಲ’. ಒಂದು ಬೆರಳಿನಿಂದ ಕನ್ನಡದ ಅರ್ಧ ಕೆಲಸ ಮುಗಿಯಿತಲ್ಲ ಎಂದು ನಾನು ತಲೆದೂಗಿದೆ.

ಅತ್ತೆ ಸುಲಿಯುವುದನ್ನು ನಿಲ್ಲಿಸಿದಳು. “ಏನ್ ಮೇಷ್ಟ್ರೇ, ಇಲ್ಲ ಅನ್ನೋದ ತಗಂಡೋಗಿ ಕಿರ್‌ಬೆಳ್ಳಿಗೆ ಕಟ್ಬುಟ್ರಲ್ಲ. ಸುತ್ಗೆ ನಿಲ್ಲೋದೇ ಕಿರ್‌ಬೆಳ್ಳಲ್ಲಿ. ಅದು ಸಡ್ಲಾಯ್ತು ಅಂದ್ರೆ ಏಟು ಎಲ್ಲಿ ಬೀಳ್ತದೋ ಯಾರ್ ಕಂಡೋರು?”

ಇದು ಸುತ್ತಿಗೆಯಲ್ಲಮ್ಮ, ಹೂವು ಮುಟ್ಟಿದ ಹಾಗೆ ಮುಟ್ಟಿದರೆ ಸಾಕು ಎಂದು ಮೇಷ್ಟ್ರು ನಕ್ಕರು.

“ಊವ ಮುಟ್ಟೋಕೂ ಬೆಳ್ಳಿಗೆ ಗ್ಯಾನ ಇರ್ಬೇಕಲ್ವಾ ಸಾಮಿ,” ಎಂದು ಅವಳು ಮತ್ತೆ ಮೊರದ ಕಡೆ ತಿರುಗಿದಳು.

ಅವಳು ಸುಮ್ಮನೆ ಆಡಿದ ಮಾತಲ್ಲ ಅದು. ಬಿಂಡಿಗನವಿಲೆಯಲ್ಲಿ ಕಮ್ಮಾರರ ಮನೆಗೆ ಸೇರಿದವಳು. ಅವಳ ಗಂಡ, ನನ್ನ ಮಾವ, ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದರೆ ಎದುರು ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದವಳು ಅವಳೇ. ತಾಯಿಯಿಲ್ಲದ ನಾನು ಏಳನೇ ಕ್ಲಾಸಿನವರೆಗೂ ಬೆಳೆದದ್ದು ಆ ಕುಲುಮೆಯ ಮಗ್ಗುಲಲ್ಲಿ. ನೇಗಿಲ ಕುಳ ತಟ್ಟಿಸಲು, ಕುಡುಗೋಲಿಗೆ ಹಲ್ಲು ಕಚ್ಚಿಸಲು ಬಂದವರು ಕಬ್ಬಿಣ ಕಾಯುವವರೆಗೂ ಕೂತು ಮಾತಾಡಲೇಬೇಕಲ್ಲ. ನನಗೆ ಬಂದ ನಾಲ್ಕು ಮಾತು ಅಲ್ಲಿಂದ ಬಂದದ್ದು, ಅದರಲ್ಲೂ ಹೆಚ್ಚಿನವು ಅತ್ತೆಯವು. ಓದಲು ಬರೆಯಲು ಬಾರದವಳು. ನನಗೆ ಅಕ್ಷರದ ಅನ್ನ ಸಿಕ್ಕಿದ್ದು ಮೇಷ್ಟ್ರಿಂದ. ಅದಕ್ಕೆ ಉಪ್ಪು ಹಾಕಿದವಳು ಇವಳು.

ಅಂಗಡಿಯ ಮಾಮೂಲು ಕೀಲಿಮಣೆ ಈ ಕೆಲಸಕ್ಕೆ ಒಗ್ಗಲಿಲ್ಲ. ಐದಾರು ಕೀಲಿ ಒಟ್ಟಿಗೆ ಒತ್ತಿದರೆ ಎರಡನ್ನು ನುಂಗಿಬಿಡುತ್ತಿತ್ತು. ಅಕ್ಕಸಾಲಿ ಗೆಳೆಯ ತಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದ. ಬಿಡಿ ಕೀಲಿಗಳನ್ನು ತರಿಸಿದ, ಹಲಸಿನ ಹಲಗೆ ಕೊರೆದು ಹಿತ್ತಾಳೆ ತಗಡು ಕೂರಿಸಿದ, ಒಂದೊಂದು ಕೀಲಿಗೂ ಅಕ್ಕಿಕಾಳಿನಷ್ಟು ದೊಡ್ಡ ಡಯೋಡು ಇಟ್ಟು ಬೆಸುಗೆ ಹಾಕಿದ. ಹಾಗೆ ಹಾಕಿದರೆ ಎಷ್ಟು ಕೀಲಿ ಒತ್ತಿದರೂ ಒಂದೂ ತಪ್ಪದಂತೆ ಕಂಪ್ಯೂಟರಿಗೆ ಮುಟ್ಟುತ್ತದೆ. ಓಲೆಗೆ ಹರಳು ಕೂರಿಸುವ ಕೈ. ಅವನು ಹಾಕಿದ ಬೆಸುಗೆ ಒಂದಾದರೂ ಬಿಟ್ಟುಕೊಳ್ಳಲಿಲ್ಲ, ಈ ಹೊತ್ತಿಗೂ ಬಿಟ್ಟಿಲ್ಲ. ಇದನ್ನು ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಅವನ ಕೆಲಸ ಕಾರಣವಲ್ಲ. ಮೇಷ್ಟ್ರು ಕಲಿಸಿದ್ದೂ ಕಾರಣವಲ್ಲ.

ಕಲಿಯಲು ವರ್ಷವೇ ಹಿಡಿಯಿತು. ಆ ವರ್ಷದ ಕೊನೆಗೆ ನನ್ನ ಕೈ ಹಗುರಾಯಿತು ಎಂದರೆ ನಂಬಬೇಕು. ದಸ್ತಾವೇಜುಗಳಲ್ಲಿ ತಿರುತಿರುಗಿ ಬರುವ ಉದ್ದುದ್ದ ಮಾತುಗಳಿಗೆಲ್ಲ ಒಂದೊಂದು ಒತ್ತು ಕಟ್ಟಿ ಪಟ್ಟಿಗೆ ಸೇರಿಸಿಕೊಂಡೆ. ‘ಪೂರ್ವಕ್ಕೆ ಇಂಥವರ ಜಮೀನು’ ಒಂದು ಒತ್ತು, ‘ಮನಃಪೂರ್ವಕವಾಗಿ ಒಪ್ಪಿ ಬರೆಸಿಕೊಟ್ಟ’ ಒಂದು ಒತ್ತು. ಹಬ್ಬಕ್ಕೆ ಬಂದ ಅತ್ತೆಯನ್ನು ಎದುರು ಕೂರಿಸಿಕೊಂಡು, ಅವಳು ಆಡುತ್ತ ಹೋದ ಹಾಗೆ ಒತ್ತುತ್ತ ಹೋದೆ. ಮಾತು ನಿಲ್ಲಿಸುವ ಹೊತ್ತಿಗೆ ನಾನೂ ನಿಲ್ಲಿಸಿದ್ದೆ. ಓದಿ ಹೇಳಿದರೆ ಬಾಯಿಗೆ ಸೆರಗು ಹಿಡಿದು ನಕ್ಕಳು. “ನಾನಾಡಿದ್ನೆಲ್ಲ ಇಡ್ಕಬುಟ್ಟಿದ್ದೀಯಲ್ಲೋ ಮಗ. ಇನ್ ನಿನ್ನ ಮುಂದೆ ಬಾಯ್ಬುಡೋಕೇ ಬಯ ಆಯ್ತದೆ.”

ನೋವು ಹೋಗಿತ್ತು ನಿಜ. ಆದರೆ ನೋವಿನ ಜೊತೆಗೆ ಇನ್ನೊಂದೂ ಹೋಗುತ್ತಿತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಬಲಗೈ ಕಿರುಬೆರಳಿಗೆ ಸ್ಪರ್ಶ ಮಂಕಾಗಿತ್ತು. ಬಿಸಿ ಲೋಟ ಹಿಡಿದರೆ ನಾಲ್ಕು ಬೆರಳು ಸುಟ್ಟವು, ಅದೊಂದು ಸುಡಲಿಲ್ಲ.

ಹಳೆಯ ರೀತಿಯ ಟೈಪಿನಲ್ಲಿ ಒಂದು ಕೀಲಿ ತಪ್ಪಿದರೆ ಪದದ ಕಾಲು ಮುರಿದು ಬೀಳುತ್ತದೆ, ಕಣ್ಣಿಗೆ ಕುಟುಕುತ್ತದೆ. ಈ ಒತ್ತಿನಲ್ಲಿ ಹಾಗಲ್ಲ. ಒಂದು ಬೆರಳು ತಪ್ಪಿದರೂ ಬೀಳುವುದು ಇನ್ನೊಂದು ಶುದ್ಧವಾದ ಪದ. ಕೊಂಬು, ದೀರ್ಘ, ಒತ್ತು ಎಲ್ಲ ಸರಿಯಾಗಿ, ಸ್ನಾನ ಮಾಡಿ ಬೊಟ್ಟಿಟ್ಟುಕೊಂಡು ಬಂದು ನಿಂತ ಸುಳ್ಳು.

ಇದು ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ತೊಣ್ಣೂರಿನ ಒಬ್ಬರು ಕೊಳವೆಬಾವಿಗೆ ವಿದ್ಯುತ್ ಕೇಳಿ ಅರ್ಜಿ ಬರೆಸಿದ್ದರು. ‘ಈ ಮೊದಲು ಸಂಪರ್ಕ ಪಡೆದಿರುವುದಿಲ್ಲ’ ಎಂದಿರಬೇಕಾದಲ್ಲಿ ‘ಪಡೆದಿರುತ್ತೇನೆ’ ಎಂದು ಬಿದ್ದಿತ್ತು. ಮರುದಿನ ಬಂದು, “ಏನಣ್ಣ, ನಂಗೆ ಗೊತ್ತಿಲ್ದಂಗೆ ನಮ್ಮೊಲಕ್ಕೆ ಕರೆಂಟ್ ಎಳ್ದುಬುಟ್ಟಿದ್ದೀಯಾ?” ಎಂದು ನಗಾಡಿದರು. ನಾನೂ ನಕ್ಕು ತಿದ್ದಿಕೊಟ್ಟೆ. ಅವರು ಹೋದ ಮೇಲೆ ಬಹಳ ಹೊತ್ತು ಆ ಬೆರಳನ್ನೇ ನೋಡುತ್ತ ಕೂತೆ. ‘ಇಲ್ಲ’ವನ್ನು ಹೆಬ್ಬೆರಳಿಗೆ ತಂದುಬಿಡಬೇಕಿತ್ತು. ಆದರೆ ಒಂದು ಕೀಲಿ ಕದಲಿಸಿದರೆ ನೂರಾರು ಒತ್ತು ಕದಲುತ್ತವೆ. ಕೈ ಮತ್ತೆ ಮರೆಯಬೇಕು, ಮತ್ತೆ ಕಲಿಯಬೇಕು. ಮೂರು ಸಲ ವಿನ್ಯಾಸ ಬದಲಾಯಿಸಿ ತೊದಲಿದ ದಿನಗಳು ನೆನಪಾದವು. ಇನ್ನು ನನ್ನಿಂದಾಗದು ಎನಿಸಿತು. ಎಚ್ಚರವಾಗಿದ್ದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಆ ಬೇಸಿಗೆಯಲ್ಲಿ ಅತ್ತೆ ತನ್ನ ಮನೆಯ ಮಾತು ಎತ್ತಿದಳು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆ, ಮುಂದಿನ ಕುಲುಮೆಯ ಜಾಗ ಎರಡನ್ನೂ ಮಾವನ ತಮ್ಮನ ಮಗನ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಎಂದಳು. ಅವನು ನಾಗಮಂಗಲದಲ್ಲಿ ಗ್ರಿಲ್ ಅಂಗಡಿ ಇಟ್ಟಿದ್ದ. ಕಬ್ಬಿಣದ ಕೆಲಸದಲ್ಲಿ ಉಳಿದವನು ಆ ವಂಶದಲ್ಲಿ ಅವನೊಬ್ಬನೇ ಎಂದು ಅವಳಿಗೆ ಅಭಿಮಾನ. ಒಂದೇ ಒಂದು ಷರತ್ತು ಹಾಕಿದಳು.

“ನಾನಿರೋಗಂಟ ಅವ್ನು ಮನೆ ಮಾರೋ ಅಂಗಿಲ್ಲ, ನನ್ನ ಎಬ್ಸೋ ಅಂಗಿಲ್ಲ. ಕುಲ್ಮೆ ಮುಂದೇನೇ ನಾನು ಕಣ್ಮುಚ್ಚಬೇಕು. ಬೇರೆಯೋರ ಕೈಲಿ ಬರುಸ್ಬ್ಯಾಡ ಕಣ್ಲಾ ಮಗ, ನೀನೇ ಬರಿ.”

ನಾನೇ ಬರೆದೆ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು, ಅವಳ ಕೆಲಸವೆಂದು ಭಕ್ತಿಯಿಂದ ಕೂತು ಒತ್ತಿದೆ. ಐದು ಪುಟ. ಒಂದೂ ಕಾಗುಣಿತ ತಪ್ಪಿರಲಿಲ್ಲ. ಅಷ್ಟು ಸ್ವಚ್ಛವಾದ ಪತ್ರವನ್ನು ನಾನು ಅದುವರೆಗೂ ಇಳಿಸಿರಲಿಲ್ಲ.

ನೋಂದಣಿಯ ದಿನ ನಾಗಮಂಗಲದಲ್ಲಿ ಕಚೇರಿಯ ಹೊರಗೆ ಮರದ ಕೆಳಗೆ ಅತ್ತೆ, ಅವಳ ಮೈದುನಮಗ, ಇಬ್ಬರು ಸಾಕ್ಷಿಗಳು ನಿಂತಿದ್ದರು. ಓದಿ ಹೇಳು ಎಂದಳು ಅತ್ತೆ. ಗಟ್ಟಿಯಾಗಿ ಓದಿದೆ. ‘ನನ್ನ ಜೀವಿತಾವಧಿಯಲ್ಲಿ ಸದರಿ ಮನೆಯನ್ನು ಪರಭಾರೆ ಮಾಡುವ ಅಥವಾ ನನ್ನನ್ನು ಅದರಿಂದ ಬಿಡಿಸುವ ಹಕ್ಕು ದಾನ ಪಡೆದವರಿಗೆ ಇರುವುದಿಲ್ಲ.’ ಹೀಗೇ ಓದಿದೆ. ಅವಳು ತಲೆಯಾಡಿಸಿದಳು. ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿದಳು.

ಕಾಗದದಲ್ಲಿ ಇದ್ದದ್ದು ‘ಇರುತ್ತದೆ’ ಎಂದು. ನಾನು ಓದಿದ್ದು ಕಾಗದವನ್ನಲ್ಲ. ನನ್ನ ಬೆರಳು ಒತ್ತಿದೆ ಎಂದು ನಾನು ನಂಬಿದ್ದನ್ನು ಓದಿದ್ದೆ. ತಾನು ಬರೆದದ್ದನ್ನು ತಾನೇ ತಾಳೆ ನೋಡಬಾರದು, ಒಬ್ಬ ಓದಬೇಕು ಇನ್ನೊಬ್ಬ ನೋಡಬೇಕು ಎಂದು ಮೇಷ್ಟ್ರು ಮೊದಲ ವಾರವೇ ಕಲಿಸಿದ್ದರು. ಬೇರೆ ಎಲ್ಲರ ಪತ್ರಕ್ಕೂ ಹೆಂಡತಿಯನ್ನು ಕೂರಿಸಿಕೊಂಡು ಹಾಗೇ ಮಾಡುತ್ತಿದ್ದೆ. ಅತ್ತೆಯದು ಮನೆಯ ಕೆಲಸ, ನಾನೇ ಸಾಕು ಎಂದುಕೊಂಡಿದ್ದೆ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ರಸ್ತೆ ಬದಿಯ ಆ ಜಾಗವನ್ನು ಗೋದಾಮಿಗೆ ಯಾರೋ ಕೇಳಿದರು. ಮೈದುನಮಗ ಪತ್ರವನ್ನು ವಕೀಲರಿಗೆ ತೋರಿಸಿದ. ಅವರು ಇಲ್ಲಿ ಅಡ್ಡಿಯೇನೂ ಬರೆದಿಲ್ಲವಲ್ಲ, ಬಿಡಿಸುವ ಹಕ್ಕೂ ನಿನಗೇ ಕೊಟ್ಟಿದ್ದಾಳಲ್ಲ ಎಂದರಂತೆ. ಅವನು ಅತ್ತೆಗೆ ಹೇಳಿದ. ಅತ್ತೆ ನನಗೆ ಫೋನು ಮಾಡಿಸಿ, ಆ ಹುಡುಗ ಏನೋ ಕಾಗದ ತಪ್ಪು ತಿಳಿದಿದ್ದಾನೆ, ಬಂದು ಒಂದು ಸಲ ಓದಿ ಹೇಳಿಬಿಡು ಎಂದಳು. ಅವಳಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ನಾನು ಅಂಗಡಿಯ ಕಪಾಟಿನಿಂದ ನಕಲು ತೆಗೆದು, ಮೂರನೇ ಪುಟ ತಿರುಗಿಸಿ, ಆ ಸಾಲಿಗೆ ಬಂದು ನಿಂತೆ.

ಬಸ್ಸು ಹತ್ತಿ ಬಿಂಡಿಗನವಿಲೆಗೆ ಹೋದೆ. ಅವನ ಕೈ ಹಿಡಿದು ಕೇಳಿದೆ. ಇದು ನನ್ನ ಬೆರಳಿನ ತಪ್ಪು, ನೀನೂ ಮರದ ಕೆಳಗೆ ನಿಂತು ಕೇಳಿಸಿಕೊಂಡಿದ್ದೀಯಲ್ಲ, ನೀನೂ ಅತ್ತೆಯೂ ಬಂದು ಸಹಿ ಹಾಕಿದರೆ ತಿದ್ದುಪಡಿ ಪತ್ರ ಮಾಡಿಬಿಡಬಹುದು ಎಂದೆ. ಅವನು ನನ್ನ ಮುಖ ನೋಡಲಿಲ್ಲ. “ಓದಿದ್ದು ಗಾಳೀಲಿ ವೋಯ್ತು ಬಾವ. ಕಾಗ್ದದಲ್ಲಿ ಏನೈತೋ ಅದೇ. ಬರ್ದೋರು ನೀವೇ ಅಲ್ವಾ?”

ಕೋರ್ಟಿಗೆ ಹೋಗೋಣ, ಮೇಷ್ಟ್ರಿಗೆ ಪರಿಚಯದವರಿದ್ದಾರೆ ಎಂದು ಅತ್ತೆಗೆ ಹೇಳಿದೆ. ಎಷ್ಟು ವರ್ಷ ಆಗುತ್ತದೆ ಎಂದು ಕೇಳಿದಳು. ಹತ್ತಾದರೂ ಆಗಬಹುದು ಎಂದೆ. ಅವಳು ಕುಲುಮೆಯ ಕಡೆ ನೋಡುತ್ತ, ಅಷ್ಟು ವರ್ಷ ನನ್ನ ಹತ್ತಿರ ಇಲ್ಲ ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಗುಳದಲ್ಲಿ ಅವಳನ್ನು ಮೀರಿಸಿದವರು ಆ ಸೀಮೆಯಲ್ಲಿರಲಿಲ್ಲ. ನನಗಾಗಿ ಒಂದು ಬೈಗುಳವೂ ಅವಳ ಬಾಯಿಂದ ಬರಲಿಲ್ಲ. ಕಿರುಬೆರಳಿನ ಮಾತನ್ನೂ ಎತ್ತಲಿಲ್ಲ. ಆ ಜಗಲಿಯ ಮೇಲೆ ತಾನು ಹೇಳಿದ್ದು ಅವಳಿಗೆ ನೆನಪಿತ್ತೋ ಇಲ್ಲವೋ. ನನಗೆ ಮಾತ್ರ ದಿನಾ ನೆನಪಾಗುತ್ತದೆ.

ಮನೆ ಬಿಡುವ ದಿನ ಎರಡು ಗಂಟು, ಒಂದು ಟ್ರಂಕು ಇಷ್ಟೇ ತಂದಳು. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು, ನಾನು ಸಣ್ಣವನಿದ್ದಾಗ ಮೇಲೆ ಕೂತು ಏಟು ತಿಂದಿದ್ದ ಆ ಕಬ್ಬಿಣದ ಅಡಿಗಲ್ಲನ್ನು, ಟೆಂಪೋದಲ್ಲಿ ಹಾಕಿಸಿಕೊಳ್ಳೋಣ ಎಂದೆ. ಬೇಡ ಎಂದಳು. ನೆಲ ಬಿಟ್ಟ ಮೇಲೆ ಅದು ಬರೀ ಭಾರ ಎಂದಳು.

ಈಗ ಅವಳು ಪಾಂಡವಪುರದಲ್ಲಿ ನಮ್ಮ ಮನೆಯಲ್ಲಿದ್ದಾಳೆ. ನನ್ನ ಹೆಂಡತಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಅತ್ತೆಯೂ ಸೊಪ್ಪು ಬಿಡಿಸುತ್ತ, ಕಾಳು ಹಸನು ಮಾಡುತ್ತ ಹೊತ್ತು ಕಳೆಯುತ್ತಾಳೆ. ಮಾತು ಕಡಿಮೆಯಾಗಿದೆ. ನಾನು ಬಂದು ಎದುರು ಕೂತರೆ ಆಡುತ್ತಿದ್ದ ಮಾತೂ ನಿಲ್ಲುತ್ತದೆ. ಹಲಸಿನ ಹಲಗೆಯ ಆ ಮಣೆಯನ್ನು ನಾನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಹಳೆಯ ಮಣೆಯ ಮೇಲೆ, ಹಳೆಯ ಜಾಗಗಳಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ಎಡಗೈಯಿಂದ ಹುಡುಕಿ ಕುಟ್ಟುತ್ತೇನೆ. ಅರ್ಧ ಗಿರಾಕಿಗಳು ಬೇರೆ ಕಡೆ ಹೋದರು, ಉಳಿದರ್ಧ ಕಾಯುತ್ತಾರೆ. ಬಲಗೈ ಮೇಜಿನ ಮೇಲೆ ಯಾರದೋ ಕೈಯ ಹಾಗೆ ಬಿದ್ದಿರುತ್ತದೆ. ಮೇಷ್ಟ್ರಿಗೆ ಇದು ಯಾವುದನ್ನೂ ಹೇಳಿಲ್ಲ. ಫೋನು ಮಾಡಿದಾಗಲೆಲ್ಲ ವೇಗ ಎಷ್ಟಕ್ಕೆ ಬಂತು ಎಂದು ಕೇಳುತ್ತಾರೆ. ಏನೋ ಒಂದು ಹೇಳುತ್ತೇನೆ.

ಹೋದ ತಿಂಗಳು ಅತ್ತೆಯ ವಿಧವಾ ವೇತನಕ್ಕೆ ವಿಳಾಸ ಬದಲಾಯಿಸಬೇಕಾಯಿತು. ಅಂಗಡಿಗೆ ಅವಳೇ ನಡೆದು ಬಂದಳು. ಹಿಂದಿನ ವಿಳಾಸ ಬಿಂಡಿಗನವಿಲೆ, ಈಗಿನ ವಿಳಾಸ ನಮ್ಮ ಮನೆ. ಎಡಗೈಯಲ್ಲಿ ನಿಧಾನವಾಗಿ ಹತ್ತು ಸಾಲು ಟೈಪು ಮಾಡಿ ತೆಗೆದು, ಓದಲೇ ಅತ್ತೆ ಎಂದೆ. ಓದು ಎಂದಳು. ಓದಿದೆ. ಕೇಳಿಸಿಕೊಂಡು ಕೈ ಚಾಚಿ ಕಾಗದ ಇಸಿದುಕೊಂಡಳು. ಮೆಲ್ಲಗೆ ಮೆಟ್ಟಿಲು ಇಳಿದು ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿದ್ದ ಹುಡುಗಿಗೆ ಕೊಟ್ಟು, “ಇದ್ನೊಸಿ ಓದವ್ವ,” ಎಂದಳು. ಆ ಹುಡುಗಿ ಗಟ್ಟಿಯಾಗಿ ಕೊನೆಯವರೆಗೂ ಓದಿದಳು. ಅತ್ತೆ ವಾಪಸು ಬಂದು, ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಚಾಚಿದಳು.